ಏಕೀಕರಣಪೂರ್ವ ಕನ್ನಡನಾಡಿನ ಭೂಪಟ: ಪೈಥಾನಿನಲ್ಲಿ ಬಿಡಿಫಲಕಗಳ ರಚನೆ

ಕರ್ನಾಟಕ ಏಕೀಕರಣದ ಪಾಠ ಮುಗಿದ ಮೇಲೆ ನಮ್ಮ ವಿದ್ಯಾರ್ಥಿಗಳು ಐದು ಹೆಸರುಗಳನ್ನು ತಪ್ಪದೆ ಹೇಳುತ್ತಾರೆ: ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು. 1956ರ ನವೆಂಬರ್ 1ಕ್ಕೆ ಮುನ್ನ ಕನ್ನಡನಾಡು ಈ ಐದು ಆಡಳಿತಗಳಲ್ಲಿ ಹಂಚಿಹೋಗಿತ್ತೆಂಬುದು ಉತ್ತರಪತ್ರಿಕೆಯ ಸಿದ್ಧ ವಾಕ್ಯ. ಆದರೆ ಅದೇ ವಿದ್ಯಾರ್ಥಿಯ ಕೈಗೆ ಖಾಲಿ ಹಾಳೆಯನ್ನಿತ್ತು, ಆ ಐದು ಭಾಗಗಳನ್ನು ಬರೆದು ತೋರಿಸೆಂದರೆ ಪೆನ್ಸಿಲು ಅಲ್ಲಿಯೇ ನಿಲ್ಲುತ್ತದೆ. ಹೆಸರು ಬಲ್ಲವರಿಗೆ ನೆಲ ಗೊತ್ತಿರಬೇಕೆಂಬ ನಿಯಮವೇನೂ ಇಲ್ಲ. ಆದರೆ ನೆಲ ಗೊತ್ತಿಲ್ಲದೆ ಏಕೀಕರಣದ ಸಾಹಿತ್ಯವನ್ನು ಓದಿದರೆ ಅದರ ಕಳವಳ ಮಾತ್ರ ನಮಗೆ ತಲುಪುತ್ತದೆ, ಕಾರಣ ತಲುಪುವುದಿಲ್ಲ.

ಈ ಕೊರತೆಯನ್ನು ನೀಗಲು ಪೈಥಾನ್ ಎಂಬ ಗಣಕಭಾಷೆಯ ನೆರವಿನಿಂದ ಐದು ಭಾಗಗಳನ್ನು ಐದು ಬಿಡಿಫಲಕಗಳಲ್ಲಿ ಬರೆಯುವ ಕ್ರಮವನ್ನು ಇಲ್ಲಿ ವಿವರಿಸಿದೆ. ಗಣಕಶಾಸ್ತ್ರದ ಪೂರ್ವಜ್ಞಾನ ಬೇಕಿಲ್ಲ. ಆಜ್ಞೆಗಳ ಹೆಸರುಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಕೀಲಿಮಣೆಯಲ್ಲಿ ಅವುಗಳನ್ನು ರೋಮನ್ ಲಿಪಿಯಲ್ಲಿಯೇ ಬರೆಯತಕ್ಕದ್ದು.

1. ಬಿಡಿಫಲಕವೆಂದರೇನು, ಅದು ಏಕೆ ಬೇಕು

ಒಂದೇ ಹಾಳೆಯನ್ನು ಹಲವು ಮನೆಗಳಾಗಿ ವಿಭಾಗಿಸಿ, ಒಂದೊಂದು ಮನೆಯಲ್ಲಿ ಒಂದೊಂದು ಪ್ರದೇಶವನ್ನು ಬರೆದರೆ ಅದು ಬಿಡಿಫಲಕಗಳ ಭೂಪಟ. ಗೋವೆಯಲ್ಲಿ ಓದುವವರಿಗೆ ಇದರ ಅಗತ್ಯವನ್ನು ದೂರದ ಉದಾಹರಣೆಯಿಂದ ತಿಳಿಸಬೇಕಾಗಿಲ್ಲ. 1987ರ ಮೇ 30ರಂದು ಗೋವೆ ರಾಜ್ಯವಾಗುವವರೆಗೆ ಗೋವೆ, ದಮನ್ ಮತ್ತು ದೀವ್ ಸೇರಿ ಒಂದೇ ಕೇಂದ್ರಾಡಳಿತ ಪ್ರದೇಶವಾಗಿದ್ದವು. ದಮನ್ ಇರುವುದು ಗುಜರಾತಿನ ದಕ್ಷಿಣ ತೀರದಲ್ಲಿ. ದೀವ್ ಇರುವುದು ಸೌರಾಷ್ಟ್ರದ ಅಂಚಿನಲ್ಲಿ. ಈ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ನಿಜವಾದ ಅಂತರಗಳೊಡನೆ ಬರೆದರೆ ಹಾಳೆಯ ತುಂಬ ಅರಬ್ಬೀ ಸಮುದ್ರವೂ ಮಹಾರಾಷ್ಟ್ರವೂ ಕಾಣುತ್ತವೆ. ಬರೆಯಬೇಕಾದ ಮೂರು ನೆಲಗಳು ಚುಕ್ಕೆಗಳಾಗುತ್ತವೆ. ಆದುದರಿಂದ ಅಂಥ ಪ್ರದೇಶಗಳಿಗೆ ಮೂರು ಬೇರೆ ಮನೆಗಳು ಅನಿವಾರ್ಯ.

ಕನ್ನಡನಾಡಿನ ಸಂಗತಿ ಹಾಗಲ್ಲ. ಅದರ ಐದು ಭಾಗಗಳೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಬೇರೆಯಾಗಿದ್ದುದು ಆಡಳಿತ. ಅಂಟಿಕೊಂಡುದನ್ನು ನಾವೇ ಬೇರ್ಪಡಿಸಿ ಬರೆಯುವಾಗ ಏನನ್ನು ಪಡೆಯುತ್ತೇವೆ, ಏನನ್ನು ಕಳೆದುಕೊಳ್ಳುತ್ತೇವೆ ಎಂಬುದೇ ಈ ಪಾಠದ ಮುಖ್ಯ ಪ್ರಶ್ನೆ. ಪಡೆಯುವುದು ಒಂದೊಂದು ಭಾಗದ ಸ್ಪಷ್ಟವಾದ ಆಕಾರವನ್ನು, ಹೋಲಿಕೆಯ ಅನುಕೂಲವನ್ನು. ಕಳೆದುಕೊಳ್ಳುವುದು ನೆರೆಯನ್ನು.

2. ಯಾವ ದಿನದ ನಾಡು

ಗಣಕದ ಮುಂದೆ ಕೂರುವ ಮೊದಲೇ ನಿರ್ಧರಿಸಬೇಕಾದ ವಿಷಯವೊಂದಿದೆ. ನಾವು ಬರೆಯುತ್ತಿರುವುದು 1956ರ ಅಕ್ಟೋಬರ್ 31ರಂದು ಇದ್ದ ಗಡಿಗಳನ್ನೋ, ಅಥವಾ ಇಂದಿನ ಕರ್ನಾಟಕದ ಜಿಲ್ಲೆಗಳ ಹಿನ್ನೆಲೆಯನ್ನೋ? ಇವೆರಡೂ ಒಂದೇ ಎಂದು ಭಾವಿಸುವುದು ಸಾಮಾನ್ಯ ಪ್ರಮಾದ.

ಇಂದಿನ 31 ಜಿಲ್ಲೆಗಳನ್ನು ಹಿಂದಿನ ಆಡಳಿತಗಳಿಗೆ ಹಂಚಿದರೆ ಸ್ಥೂಲವಾಗಿ ಹೀಗಾಗುತ್ತದೆ. ಬೆಳಗಾವಿ, ಧಾರವಾಡ, ಗದಗ, ಹಾವೇರಿ, ವಿಜಯಪುರ, ಬಾಗಲಕೋಟೆ, ಉತ್ತರ ಕನ್ನಡ ಎಂಬ 7 ಜಿಲ್ಲೆಗಳು ಮುಂಬಯಿ ಆಡಳಿತದಿಂದ ಬಂದವು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಎಂಬ 5 ಹೈದರಾಬಾದಿನಿಂದ ಬಂದವು. ದಕ್ಷಿಣ ಕನ್ನಡ, ಉಡುಪಿ ಎಂಬ 2 ಮದರಾಸಿನಿಂದ. ಕೊಡಗು ತಾನೇ ಒಂದು ರಾಜ್ಯವಾಗಿತ್ತು. ಉಳಿದ 16 ಮೈಸೂರಿನವು. ಇವುಗಳಲ್ಲಿ ಇಂದಿನ ಬಳ್ಳಾರಿ, ವಿಜಯನಗರ ಜಿಲ್ಲೆಗಳ ನೆಲ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದ ಉದಯದೊಡನೆ ಮದರಾಸಿನಿಂದ ಮೈಸೂರಿಗೆ ಬಂದಿತು. ಆದುದರಿಂದ 1953ರ ಸೆಪ್ಟೆಂಬರಿನ ಭೂಪಟದಲ್ಲಿ ಬಳ್ಳಾರಿ ಮದರಾಸಿನ ಫಲಕದಲ್ಲಿರಬೇಕು. 1956ರದರಲ್ಲಿ ಮೈಸೂರಿನ ಫಲಕದಲ್ಲಿ. ಕಾಲವನ್ನು ಹೇಳದ ಭೂಪಟ ಕರ್ತೃಪದವಿಲ್ಲದ ವಾಕ್ಯದಂತೆ.

ಈ ಹಂಚಿಕೆಯಲ್ಲಿ ಎರಡು ಬಗೆಯ ತೊಡಕುಗಳಿವೆ. ಮೊದಲನೆಯದು, ಜಿಲ್ಲೆಯ ಒಳಗಿನ ಬಿರುಕು. ಕೊಳ್ಳೇಗಾಲ ಇಂದು ಚಾಮರಾಜನಗರ ಜಿಲ್ಲೆಯಲ್ಲಿದೆ. 1956ರಲ್ಲಿ ಅದು ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಜಿಲ್ಲೆಗಳ ಮಟ್ಟದಲ್ಲಿ ಹಂಚಿದರೆ ಅದು ಮೈಸೂರಿನ ಫಲಕಕ್ಕೆ ತಪ್ಪಾಗಿ ಸೇರುತ್ತದೆ. ಆದುದರಿಂದ ತಾಲ್ಲೂಕುಗಳ ಗಡಿಯಿರುವ ಕಡತವನ್ನೇ ಆರಿಸಿಕೊಳ್ಳಬೇಕು.

ಎರಡನೆಯ ತೊಡಕು ಇನ್ನೂ ಗಂಭೀರ. ಗಡಿಗಳ ಕಡತದಲ್ಲಿ ರಾಜ್ಯದ ಹೆಸರಿನ ಅಂಕಣವಿರುತ್ತದೆ. ನಾವು ಮೊದಲ ಹೆಜ್ಜೆಯಲ್ಲಿಯೇ ಕರ್ನಾಟಕವೆಂದಿರುವ ಸಾಲುಗಳನ್ನು ಮಾತ್ರ ಉಳಿಸಿಕೊಂಡರೆ ಕಾಸರಗೋಡು ಮಾಯವಾಗುತ್ತದೆ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಹೋಯಿತು. ಬೆಳಗಾವಿ ಜಿಲ್ಲೆಯ ಚಂದಗಡ ತಾಲ್ಲೂಕು ಮುಂಬಯಿಯಲ್ಲಿಯೇ ಉಳಿದು, ಇಂದು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿದೆ. 1956ರ ಅಕ್ಟೋಬರಿನ ಫಲಕಗಳಲ್ಲಿ ಇವೆರಡೂ ಇರಲೇಬೇಕು. ಇಂದಿನ ರಾಜ್ಯದ ಹೆಸರಿನಿಂದ ಸೋಸಿದರೆ ಅವು ಚಿತ್ರ ಬರೆಯುವ ಮೊದಲೇ ಬಿದ್ದುಹೋಗುತ್ತವೆ. ಗಣಕ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಏಕೆಂದರೆ ಅದರ ದೃಷ್ಟಿಯಲ್ಲಿ ತಪ್ಪೇನೂ ನಡೆದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗೆ ಇದರ ಪರಿಣಾಮವೇನು? ಲೇಖಕರ ನೆಲೆಗಳನ್ನು ಚುಕ್ಕೆಗಳಿಂದ ಗುರುತಿಸುವ ಭೂಪಟವನ್ನು ಊಹಿಸಿಕೊಳ್ಳಿ. ಎಂ. ಗೋವಿಂದ ಪೈಗಳು ಬಾಳಿ ಬರೆದದ್ದು ಮಂಜೇಶ್ವರದಲ್ಲಿ. ಅದು ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಎಂಬ ಗೌರವವನ್ನಿತ್ತದ್ದು ಮದರಾಸು ಸರ್ಕಾರ. ಅವರು ಇದ್ದ ಫಲಕವೂ ಮದರಾಸಿನದೇ. ಮೇಲಿನಂತೆ ಸೋಸಿದ ಭೂಪಟದಲ್ಲಿ ಆ ಚುಕ್ಕೆ ನೆಲವಿಲ್ಲದೆ ಬಿಳಿಯ ಹಾಳೆಯಲ್ಲಿ ತೇಲುತ್ತದೆ. ದ.ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಅಲ್ಲಿನ ಚುಕ್ಕೆಗೂ ಇದೇ ಗತಿ.

ನಾನು ಮರಾಠಿ ಮತ್ತು ಕನ್ನಡ ಎರಡರಲ್ಲಿಯೂ ಶಾಲೆ ಕಲಿತವನು. ಮರಾಠಿಯ ಭೂಗೋಲ ಪುಸ್ತಕದಲ್ಲಿ ನಮ್ಮ ಸೀಮೆ ಹಾಳೆಯ ಕೆಳ ಅಂಚಿನಲ್ಲಿತ್ತು. ಕನ್ನಡದ ಪುಸ್ತಕದಲ್ಲಿ ಮೇಲಂಚಿನಲ್ಲಿ. ಎರಡರಲ್ಲಿಯೂ ಗಡಿಯ ಆಚೆ ಬರಿಯ ಬಿಳುಪು. ಆ ಬಿಳುಪಿನಲ್ಲಿ ನಮ್ಮ ನೆಂಟರ ಊರುಗಳಿದ್ದವು. ಫಲಕದ ಹೊರಗಿನ ಬಿಳುಪು ಖಾಲಿ ಜಾಗವಲ್ಲ, ಬರೆಯದೆ ಬಿಟ್ಟ ಜಾಗ ಎಂಬ ಅರಿವು ಅಂದಿನಿಂದ ಉಳಿದುಕೊಂಡಿದೆ.

3. ಕಡತದಿಂದ ಚಿತ್ರದವರೆಗೆ

ಈಗ ರಚನೆಯ ಕ್ರಮ. ಬೇಕಾಗುವ ಉಪಕರಣಗಳು ಎರಡು. ಜಿಯೋಪಾಂಡಾಸ್ ಎಂಬುದು ಪ್ರದೇಶಗಳ ಕೋಷ್ಟಕವನ್ನು ನಿರ್ವಹಿಸುತ್ತದೆ. ಅದರ ಪ್ರತಿಯೊಂದು ಸಾಲೂ ಒಂದು ತಾಲ್ಲೂಕು, ಕೊನೆಯ ಅಂಕಣ ಆ ತಾಲ್ಲೂಕಿನ ಆಕಾರ. ಮ್ಯಾಟ್‌ಪ್ಲಾಟ್‌ಲಿಬ್ ಎಂಬುದು ಚಿತ್ರವನ್ನು ಬರೆಯುತ್ತದೆ. ಜಾನ್ ಹಂಟರ್ ಎಂಬ ನರವಿಜ್ಞಾನಿ ತನ್ನ ಸಂಶೋಧನೆಯ ಅಗತ್ಯಕ್ಕಾಗಿ ಆರಂಭಿಸಿ 2003ರಲ್ಲಿ ಹೊರತಂದ ಉಪಕರಣವಿದು. ಎರಡೂ ಉಚಿತವಾಗಿ ದೊರೆಯುತ್ತವೆ.

ಮೊದಲ ಹೆಜ್ಜೆ, 'ರೀಡ್ ಫೈಲ್' ಎಂಬ ಆಜ್ಞೆಯಿಂದ ತಾಲ್ಲೂಕುಗಳ ಕಡತವನ್ನು ಓದಿಸುವುದು. ಕರ್ನಾಟಕದ ಜೊತೆಗೆ ಕೇರಳ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ತಮಿಳುನಾಡು, ಗೋವೆಗಳ ತಾಲ್ಲೂಕುಗಳೂ ಇರಲಿ.

ಎರಡನೆಯ ಹೆಜ್ಜೆ, ಅಳತೆಯ ಪದ್ಧತಿಯನ್ನು ಬದಲಿಸುವುದು. ಕಡತಗಳು ಸಾಮಾನ್ಯವಾಗಿ ಅಕ್ಷಾಂಶ ರೇಖಾಂಶಗಳ ಡಿಗ್ರಿಗಳಲ್ಲಿರುತ್ತವೆ. ನಮ್ಮ ಸೀಮೆಯಲ್ಲಿ, ಎಂದರೆ 15 ಡಿಗ್ರಿ ಉತ್ತರದ ಸುಮಾರಿಗೆ, ಅಕ್ಷಾಂಶದ ಒಂದು ಡಿಗ್ರಿ ಸುಮಾರು 110.6 ಕಿಲೋಮೀಟರು, ರೇಖಾಂಶದ ಒಂದು ಡಿಗ್ರಿ ಸುಮಾರು 107.5 ಕಿಲೋಮೀಟರು. ಉತ್ತರಕ್ಕೆ ಹೋದಂತೆ ಎರಡನೆಯದು ಇನ್ನೂ ಕುಗ್ಗುತ್ತದೆ. ಅಳತೆಗಳನ್ನು ಹೋಲಿಸಬೇಕಾದಲ್ಲಿ ಡಿಗ್ರಿ ಸಲ್ಲದು, ಮೀಟರು ಬೇಕು. 'ಟು ಸಿಆರ್‌ಎಸ್' ಎಂಬ ಆಜ್ಞೆಗೆ 32643 ಎಂಬ ಇ.ಪಿ.ಎಸ್.ಜಿ. ಸಂಖ್ಯೆಯನ್ನು ಕೊಟ್ಟರೆ ಆಕಾರಗಳೆಲ್ಲ ಮೀಟರುಗಳಿಗೆ ಬದಲಾಗುತ್ತವೆ. ಇದು 72ರಿಂದ 78 ಡಿಗ್ರಿ ಪೂರ್ವದವರೆಗಿನ ವಲಯಕ್ಕೆ ಹೇಳಿದ ಪದ್ಧತಿ. ಗೋವೆಯೂ ಕರ್ನಾಟಕದ ಬಹುಭಾಗವೂ ಇದರೊಳಗೆ ಬರುತ್ತವೆ. ಕೋಲಾರದ ಕಡೆಯ ಅಂಚು ತುಸು ಹೊರಗುಳಿದರೂ ಅದರಿಂದಾಗುವ ವಿಕಾರ ನಮ್ಮ ಕೆಲಸಕ್ಕೆ ಬಾಧಕವಲ್ಲ.

ಮೂರನೆಯ ಹೆಜ್ಜೆ, ಪ್ರತಿ ತಾಲ್ಲೂಕಿಗೂ ಅದರ 1956ರ ಆಡಳಿತವನ್ನು ಹೇಳುವ ಪಟ್ಟಿಯನ್ನು ನಾವೇ ಸಿದ್ಧಪಡಿಸಿ, 'ಮರ್ಜ್' ಆಜ್ಞೆಯಿಂದ ಕೂಡಿಸುವುದು. ಇಲ್ಲಿ ಹೆಸರುಗಳನ್ನು ನಂಬಿ ಕೆಟ್ಟವರು ಹಲವರು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಅಧಿಕೃತವಾಗಿ ಕನ್ನಡದ ಉಚ್ಚಾರಕ್ಕೆ ಮರಳಿದವು. 2011ರ ಜನಗಣತಿಯ ಕೋಷ್ಟಕಗಳಲ್ಲಿ ಬೆಳಗಾವಿ, ಕಲಬುರಗಿ, ವಿಜಯಪುರಗಳು ಇಂಗ್ಲಿಷಿನ ಹಳೆಯ ರೂಪದಲ್ಲಿಯೇ ಇವೆ. ಹೊಸ ಕಡತಗಳಲ್ಲಿ ಹೊಸ ರೂಪ. ಗಣಕಕ್ಕೆ ಇವು ಬೇರೆ ಬೇರೆ ಊರುಗಳು. ಕೂಡಿಕೆ ವಿಫಲವಾದಾಗ ಆ ಸಾಲಿನಲ್ಲಿ ಬೆಲೆಯಿಲ್ಲದೆ ಹೋಗುತ್ತದೆ, ಚಿತ್ರದಲ್ಲಿ ಆ ನೆಲ ಬಣ್ಣವಿಲ್ಲದೆ ಉಳಿಯುತ್ತದೆ ಅಥವಾ ಕಾಣುವುದೇ ಇಲ್ಲ. ಆದುದರಿಂದ ಹೆಸರಿಗಿಂತ ಜನಗಣತಿಯ ಸಂಖ್ಯಾಸಂಕೇತವನ್ನು ಆಧರಿಸುವುದು ಲೇಸು. ಕೂಡಿಸಿದ ಬಳಿಕ ಖಾಲಿ ಉಳಿದ ಸಾಲುಗಳೆಷ್ಟೆಂದು ಎಣಿಸುವುದು ಕಡ್ಡಾಯ.

ನಾಲ್ಕನೆಯ ಹೆಜ್ಜೆ, ಒಂದೇ ಆಡಳಿತದ ತಾಲ್ಲೂಕುಗಳನ್ನು 'ಡಿಸಾಲ್ವ್' ಆಜ್ಞೆಯಿಂದ ಒಂದೇ ಆಕಾರವಾಗಿ ಕರಗಿಸುವುದು. ಒಳಗಿನ ಗೆರೆಗಳು ಅಳಿದು ಐದು ಆಕಾರಗಳು ಉಳಿಯುತ್ತವೆ.

ಐದನೆಯ ಹೆಜ್ಜೆ, ಹಾಳೆಯನ್ನು ಮನೆಗಳಾಗಿ ವಿಭಾಗಿಸುವುದು. 'ಸಬ್‌ಪ್ಲಾಟ್ಸ್' ಆಜ್ಞೆಗೆ 2 ಮತ್ತು 3 ಎಂದರೆ ಎರಡು ಅಡ್ಡಸಾಲು, ಮೂರು ಕಂಬಸಾಲುಗಳಲ್ಲಿ ಆರು ಮನೆಗಳು ಸಿದ್ಧವಾಗುತ್ತವೆ. ಇವು ಎರಡು ಆಯಾಮದ ಪಟ್ಟಿಯಾಗಿರುವುದರಿಂದ 'ಫ್ಲ್ಯಾಟನ್' ಎಂದು ಒಂದೇ ಸಾಲಿಗೆ ತರಬೇಕು. ಬಳಿಕ ಆವರ್ತನೆಯ ಮೂಲಕ ಒಂದೊಂದು ಆಕಾರವನ್ನು ಒಂದೊಂದು ಮನೆಗೆ ಕಳಿಸಬೇಕು.

ಹೊಸಬರು ಎಡವುವುದು ಇಲ್ಲಿ, ಎರಡು ಕಡೆ. 'ಪ್ಲಾಟ್' ಆಜ್ಞೆಯಲ್ಲಿ 'ಎಎಕ್ಸ್' ಎಂಬ ಪದಕ್ಕೆ ಮನೆಯ ಗುರುತನ್ನು ಕೊಡದಿದ್ದರೆ ಪ್ರತಿ ಸಲವೂ ಹೊಸ ಹಾಳೆ ತೆರೆದುಕೊಳ್ಳುತ್ತದೆ. ಐದು ಹಾಳೆಗಳಲ್ಲಿ ಐದು ಚಿತ್ರಗಳು, ಆರನೆಯ ಹಾಳೆಯಲ್ಲಿ ಆರು ಖಾಲಿ ಮನೆಗಳು! ಎರಡನೆಯದು ಹೆಚ್ಚು ಅಪಾಯಕಾರಿ. 'ಡಿಸಾಲ್ವ್' ಆಗಲಿ, 'ಗ್ರೂಪ್‌ಬೈ' ಆಗಲಿ ಗುಂಪುಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ, ನಾವು ಮನಸ್ಸಿನಲ್ಲಿಟ್ಟುಕೊಂಡ ಕ್ರಮದಲ್ಲಲ್ಲ. ಶೀರ್ಷಿಕೆಗಳನ್ನು ಬೇರೊಂದು ಪಟ್ಟಿಯಿಂದ ತೆಗೆದುಕೊಂಡರೆ ಹೈದರಾಬಾದಿನ ಆಕಾರದ ಮೇಲೆ ಮದರಾಸಿನ ಹೆಸರು ಕೂರಬಹುದು. ಚಿತ್ರ ಅಂದವಾಗಿಯೇ ಇರುತ್ತದೆ. ತಪ್ಪು ಮಾತ್ರ ಓದುಗನ ಪಾಲಿಗೆ. ಹೆಸರನ್ನು ಯಾವಾಗಲೂ ಗುಂಪಿನ ಕೀಲಿಪದದಿಂದಲೇ ತೆಗೆದುಕೊಳ್ಳಬೇಕು.

4. ಅಳತೆಯ ಮೂರು ಬಗೆಗಳು

ಮನೆಗಳು ತುಂಬಿದ ಮೇಲೆ ನಿಜವಾದ ವಿಚಾರ ಆರಂಭವಾಗುತ್ತದೆ. ಫಲಕಗಳ ಅಳತೆಯನ್ನು ಮೂರು ಬಗೆಯಾಗಿ ನಿಶ್ಚಯಿಸಬಹುದು.

ಮೊದಲನೆಯದು ಸ್ವಂತ ಅಳತೆ. ನಾವೇನನ್ನೂ ಹೇಳದಿದ್ದರೆ ಮ್ಯಾಟ್‌ಪ್ಲಾಟ್‌ಲಿಬ್ ಪ್ರತಿಯೊಂದು ಆಕಾರವನ್ನೂ ಅದರ ಮನೆಯ ತುಂಬ ಹಿಗ್ಗಿಸುತ್ತದೆ. ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರು. ಇಂದಿನ ಕರ್ನಾಟಕದ ವಿಸ್ತೀರ್ಣ 1,91,791. ಎಂದರೆ ಕೊಡಗು ರಾಜ್ಯದ ಸುಮಾರು ನಲವತ್ತೇಳನೆಯ ಒಂದು ಪಾಲು. ಸ್ವಂತ ಅಳತೆಯ ಚಿತ್ರದಲ್ಲಿ ಅದು ಐದರಲ್ಲಿ ಒಂದು ಪಾಲಾಗಿ ಕಾಣುತ್ತದೆ. ಆರು ಸೆಂಟಿಮೀಟರು ಎತ್ತರದ ಮನೆಯಲ್ಲಿ ಕೊಡಗಿನ ಉದ್ದ ಸುಮಾರು 100 ಕಿಲೋಮೀಟರು. ಪಕ್ಕದ ಅದೇ ಎತ್ತರದ ಮನೆಯಲ್ಲಿ ಚಾಮರಾಜನಗರದಿಂದ ಬಳ್ಳಾರಿಯ ಉತ್ತರದವರೆಗಿನ ಮೈಸೂರಿನ ಉದ್ದ ಸುಮಾರು 450. ಉದ್ದದಲ್ಲಿ ನಾಲ್ಕೂವರೆ ಪಟ್ಟು ವ್ಯತ್ಯಾಸವಾದರೆ ವಿಸ್ತೀರ್ಣದಲ್ಲಿ ಇಪ್ಪತ್ತು ಪಟ್ಟು. ಆಕಾರದ ವಿವರಗಳನ್ನು, ಕರಾವಳಿಯ ಕೊರೆತವನ್ನು, ಒಳನಾಡಿನ ತಾಲ್ಲೂಕುಗಳನ್ನು ತೋರಿಸಲು ಈ ಬಗೆ ಯೋಗ್ಯ. ಗಾತ್ರದ ಹೋಲಿಕೆಗೆ ಅಯೋಗ್ಯ. ಇದನ್ನು ಬಳಸಿದಾಗ ಪ್ರತಿ ಮನೆಯಲ್ಲಿಯೂ ಪ್ರತ್ಯೇಕವಾಗಿ ಅಳತೆಪಟ್ಟಿಯನ್ನು ಹಾಕಬೇಕು.

ಎರಡನೆಯದು ಸಮಾನ ಅಳತೆ. 'ಬೌಂಡ್ಸ್' ಎಂಬ ಗುಣದಿಂದ ಪ್ರತಿ ಆಕಾರದ ಎಡ, ಕೆಳ, ಬಲ, ಮೇಲಿನ ಎಲ್ಲೆಗಳು ದೊರೆಯುತ್ತವೆ. ಅವುಗಳಿಂದ ಪ್ರತಿ ಆಕಾರದ ನಡುಬಿಂದುವನ್ನೂ, ಎಲ್ಲ ಆಕಾರಗಳಲ್ಲಿ ಅತಿ ದೊಡ್ಡದರ ಅರ್ಧ ಉದ್ದವನ್ನೂ ಲೆಕ್ಕಹಾಕಬೇಕು. ಪ್ರತಿಯೊಂದು ಮನೆಯಲ್ಲಿಯೂ ನಡುಬಿಂದುವಿನಿಂದ ನಾಲ್ಕು ದಿಕ್ಕಿಗೂ ಆ ಒಂದೇ ಅರ್ಧ ಉದ್ದವನ್ನು 'ಸೆಟ್ ಎಕ್ಸ್‌ಲಿಮ್', 'ಸೆಟ್ ವೈಲಿಮ್' ಆಜ್ಞೆಗಳಿಂದ ಎಲ್ಲೆಯಾಗಿ ಕೊಡಬೇಕು. ಆಗ ಒಂದು ಸೆಂಟಿಮೀಟರು ಎಲ್ಲ ಮನೆಗಳಲ್ಲಿಯೂ ಅಷ್ಟೇ ಕಿಲೋಮೀಟರುಗಳನ್ನು ಸೂಚಿಸುತ್ತದೆ. ಕೊಡಗು ಚಿಕ್ಕದಾಗಿ ಕಾಣುತ್ತದೆ, ಅದು ಚಿಕ್ಕದೇ. ಮೀಟರುಗಳಿಗೆ ಬದಲಿಸುವ ಎರಡನೆಯ ಹೆಜ್ಜೆಯ ಪ್ರಯೋಜನ ಇಲ್ಲಿ ತಿಳಿಯುತ್ತದೆ.

ಮೂರನೆಯದು ಸಮಾನ ಚೌಕಟ್ಟು. ಎಲ್ಲ ಮನೆಗಳಲ್ಲಿಯೂ ಇಡೀ ಕನ್ನಡನಾಡನ್ನೂ ನೆರೆನಾಡುಗಳನ್ನೂ ತಿಳಿಬೂದು ಬಣ್ಣದಲ್ಲಿ ಬರೆದು, ಆಯಾ ಮನೆಯ ಆಡಳಿತವನ್ನು ಮಾತ್ರ ಗಾಢವಾಗಿ ತುಂಬುವುದು. ಇದಕ್ಕೆ ಒಂದೇ ಮನೆಯಲ್ಲಿ ಎರಡು ಸಲ 'ಪ್ಲಾಟ್' ಮಾಡಬೇಕು. ಮೊದಲು ಹಿನ್ನೆಲೆ, ಅನಂತರ ಮುನ್ನೆಲೆ. ಪ್ರತಿ ಆಕಾರವೂ ತನ್ನ ನಿಜವಾದ ಜಾಗದಲ್ಲಿಯೇ ಕಾಣುವುದರಿಂದ ನೆರೆ ಉಳಿಯುತ್ತದೆ. ಉತ್ತರ ಕನ್ನಡ ಮುಂಬಯಿಯ ಮನೆಯಲ್ಲಿಯೂ ದಕ್ಷಿಣ ಕನ್ನಡ ಮದರಾಸಿನ ಮನೆಯಲ್ಲಿಯೂ ಇದ್ದರೂ ಅವು ಒಂದೇ ಕರಾವಳಿಯ ಎರಡು ತುಂಡುಗಳೆಂಬುದು ಕಣ್ಣಿಗೆ ಕಟ್ಟುತ್ತದೆ. 1862ರಲ್ಲಿ ಉತ್ತರದ ಭಾಗವನ್ನು ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದ ಆ ಗೆರೆಯ ಅರ್ಥ ಈ ಬಗೆಯಲ್ಲಿ ಮಾತ್ರ ಗೋಚರಿಸುತ್ತದೆ. ಏಕೀಕರಣದ ಪಾಠಕ್ಕೆ ನಾನು ಶಿಫಾರಸು ಮಾಡುವುದು ಈ ಮೂರನೆಯದನ್ನು.

ಫಲಕಗಳಲ್ಲಿ ಸಾಕ್ಷರತೆಯಂಥ ಅಂಕಿಗಳನ್ನು ಬಣ್ಣದಿಂದ ತೋರಿಸುವುದಾದರೆ ಇನ್ನೊಂದು ಎಚ್ಚರ ಬೇಕು. 'ವಿಮಿನ್', 'ವಿಮ್ಯಾಕ್ಸ್' ಎಂಬ ಕನಿಷ್ಠ ಗರಿಷ್ಠಗಳನ್ನು ಎಲ್ಲ ಮನೆಗಳಿಗೂ ಒಂದೇ ಆಗಿ ನಿಗದಿಪಡಿಸದಿದ್ದರೆ ಒಂದು ಮನೆಯ ಗಾಢ ಬಣ್ಣ ಇನ್ನೊಂದು ಮನೆಯ ತಿಳಿ ಬಣ್ಣಕ್ಕಿಂತ ಕಡಿಮೆ ಬೆಲೆಯನ್ನು ಸೂಚಿಸೀತು. ಅಳತೆಗೆ ಹೇಳಿದ ಮಾತು ಬಣ್ಣಕ್ಕೂ ಅನ್ವಯ.

5. ತಿರುಳ್ಗನ್ನಡದ ನಾಲ್ಕು ಊರುಗಳು

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡನಾಡಿನ ಎಲ್ಲೆಗಳನ್ನು ಕಾವೇರಿ ಗೋದಾವರಿಗಳಿಂದ ಗುರುತಿಸುತ್ತದೆ. ಆ ನಾಡಿನೊಳಗೆ ಕನ್ನಡದ ತಿರುಳೆನಿಸಿದ ಪ್ರದೇಶವನ್ನು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳಿಂದ ಗುರುತಿಸುತ್ತದೆ. ವಿದ್ವಾಂಸರು ಇವುಗಳನ್ನು ಕ್ರಮವಾಗಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ ಎಂದು ತಿಳಿಸಿದ್ದಾರೆ. ಪಠ್ಯದಲ್ಲಿ ಇದನ್ನು ಎಲ್ಲರೂ ಓದುತ್ತೀರಿ. ಈಗ ಇವುಗಳನ್ನು ನಮ್ಮ ಫಲಕಗಳ ಮೇಲೆ ಚುಕ್ಕೆಗಳಾಗಿ ಇಟ್ಟು ನೋಡೋಣ.

ಪಟ್ಟದಕಲ್ಲು 15.95 ಉತ್ತರ, 75.82 ಪೂರ್ವ, ಕೊಪ್ಪಳ 15.35 ಉತ್ತರ, 76.15 ಪೂರ್ವ, ಲಕ್ಷ್ಮೇಶ್ವರ 15.13 ಉತ್ತರ, 75.47 ಪೂರ್ವ. ಚುಕ್ಕೆಗಳನ್ನೂ ಗಡಿಗಳಂತೆಯೇ ಮೀಟರುಗಳಿಗೆ ಬದಲಿಸುವುದನ್ನು ಮರೆಯಬಾರದು. ಮರೆತರೆ ಅವು ಸಾವಿರಾರು ಕಿಲೋಮೀಟರು ದೂರದಲ್ಲಿ ಬೀಳುತ್ತವೆ. ಈ ಮೂರರ ನಡುವಿನ ನೇರ ಅಂತರಗಳನ್ನು ಲೆಕ್ಕಹಾಕಿದರೆ ಕೊಪ್ಪಳದಿಂದ ಉಳಿದೆರಡಕ್ಕೂ ಸುಮಾರು 75 ಕಿಲೋಮೀಟರು, ಪಟ್ಟದಕಲ್ಲಿನಿಂದ ಲಕ್ಷ್ಮೇಶ್ವರಕ್ಕೆ ಸುಮಾರು 100. ಬೆಳಗ್ಗೆ ಹೊರಟರೆ ಒಂದೇ ದಿನದಲ್ಲಿ ಮೂರನ್ನೂ ನೋಡಿ ಬರಬಹುದು.

1956ರ ಫಲಕಗಳಲ್ಲಿ ಮೂರು ಚುಕ್ಕೆಗಳು ಮುಂಬಯಿಯ ಮನೆಯಲ್ಲಿ ಬೀಳುತ್ತವೆ, ಕೊಪ್ಪಳ ಮಾತ್ರ ಹೈದರಾಬಾದಿನ ಮನೆಯಲ್ಲಿ. ಹತ್ತು ವರ್ಷ ಹಿಂದಕ್ಕೆ ಹೋದರೆ ಬಿರುಕು ಇನ್ನೂ ದೊಡ್ಡದು. ಆಗ ಪಟ್ಟದಕಲ್ಲು ಮತ್ತು ಒಕ್ಕುಂದ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿ, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿ, ಕೊಪ್ಪಳ ನಿಜಾಮರ ರಾಜ್ಯದಲ್ಲಿ. ಕನ್ನಡದ ತಿರುಳೆಂದು ಸಾವಿರ ವರ್ಷಗಳ ಹಿಂದೆ ಹೇಳಲಾದ ಇಷ್ಟೇ ಇಷ್ಟು ನೆಲ ಮೂರು ಆಡಳಿತಗಳಿಗೆ ಹಂಚಿಹೋಗಿತ್ತು. ಏಕೀಕರಣದ ಹೋರಾಟದ ಉಸಿರು ಮೈಸೂರಿಗಿಂತ ಧಾರವಾಡದ ಸೀಮೆಯಲ್ಲಿ ಏಕೆ ಬಿಸಿಯಾಗಿತ್ತೆಂಬ ಪ್ರಶ್ನೆಗೆ ಈ ನಾಲ್ಕು ಚುಕ್ಕೆಗಳು ಉತ್ತರದ ಒಂದು ಭಾಗವನ್ನಾದರೂ ಕೊಡುತ್ತವೆ. ಮೈಸೂರಿನವರು ತಮ್ಮ ಫಲಕದಲ್ಲಿ ಇಡಿಯಾಗಿದ್ದರು. ಇಲ್ಲಿನವರ ಮನೆಯಂಗಳದಲ್ಲಿಯೇ ಗೆರೆ ಹಾದುಹೋಗಿತ್ತು.

6. ಕನ್ನಡದ ಅಕ್ಷರ ಒಡೆಯದಿರಲಿ

ನಮ್ಮ ಭೂಪಟದ ಮೇಲೆ ಹೆಸರುಗಳು ಕನ್ನಡದಲ್ಲಿರಬೇಕೆಂಬುದು ಸಹಜವಾದ ಆಸೆ. ಆದರೆ ಮ್ಯಾಟ್‌ಪ್ಲಾಟ್‌ಲಿಬ್ ರೂಢಿಯಲ್ಲಿ ಅಕ್ಷರಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಜೋಡಿಸುತ್ತದೆಯೇ ಹೊರತು ಒತ್ತಕ್ಷರವನ್ನು ರೂಪಿಸುವುದಿಲ್ಲ. ಕನ್ನಡದ ಅಚ್ಚುಮೊಳೆಯನ್ನು ಒದಗಿಸಿದರೂ ಬಳ್ಳಾರಿಯ ಳಕಾರದ ಒತ್ತು ಕೆಳಗಿಳಿಯದೆ ಪಕ್ಕಕ್ಕೆ ನಿಲ್ಲುತ್ತದೆ. ಕರ್ನಾಟಕದ ಅರ್ಕಾವೊತ್ತು ತನ್ನ ಜಾಗಕ್ಕೆ ಬರುವುದಿಲ್ಲ. ನಾಡನ್ನು ಒಂದುಗೂಡಿಸುವ ಚಿತ್ರದಲ್ಲಿ ನಾಡಿನ ಹೆಸರೇ ಒಡೆದು ಕಾಣುವುದು ಸರಿಯಲ್ಲ.

ಇದಕ್ಕೆ ಸುಲಭವಾದ ಉಪಾಯವಿದೆ. ಚಿತ್ರವನ್ನು ಎಸ್.ವಿ.ಜಿ. ಎಂಬ ರೂಪದಲ್ಲಿ ಉಳಿಸಬೇಕು. ಉಳಿಸುವ ಮುನ್ನ 'ಎಸ್‌ವಿಜಿ ಫಾಂಟ್‌ಟೈಪ್' ಎಂಬ ಆಯ್ಕೆಗೆ 'ನನ್' ಎಂಬ ಬೆಲೆಯನ್ನು ಕೊಡಬೇಕು. ಆಗ ಅಕ್ಷರಗಳು ಗೆರೆಗಳಾಗಿ ಬದಲಾಗದೆ ಅಕ್ಷರಗಳಾಗಿಯೇ ಕಡತದಲ್ಲಿ ಉಳಿಯುತ್ತವೆ. ಆ ಕಡತವನ್ನು ಬ್ರೌಸರಿನಲ್ಲಾಗಲಿ ಇಂಕ್‌ಸ್ಕೇಪಿನಲ್ಲಾಗಲಿ ತೆರೆದರೆ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ಅಲ್ಲಿಂದ ಮುದ್ರಣಕ್ಕೆ ಕಳಿಸಬಹುದು.

7. ಆರನೆಯ ಮನೆ

ಆಡಳಿತಗಳು ಐದು, ಮನೆಗಳು ಆರು. ಉಳಿದ ಒಂದನ್ನು 'ಸೆಟ್ ಆಕ್ಸಿಸ್ ಆಫ್' ಎಂದು ಖಾಲಿ ಬಿಡಬಹುದು. ತರಗತಿಯಲ್ಲಿ ಈ ಚಿತ್ರವನ್ನು ತೋರಿಸಿದಾಗ ವಿದ್ಯಾರ್ಥಿನಿಯೊಬ್ಬಳು, ಅದರಲ್ಲಿ ಗೋವೆಯನ್ನು ಬರೆಯಬಹುದಲ್ಲವೇ ಎಂದು ಕೇಳಿದಳು. ಅವಳ ಹಿರಿಯರು ಬಾಗಲಕೋಟೆಯ ಕಡೆಯಿಂದ ದುಡಿಮೆಗಾಗಿ ವಾಸ್ಕೋಗೆ ಬಂದವರು. ಅವಳು ಹುಟ್ಟಿದ್ದು ಇಲ್ಲಿಯೇ. ಐದು ಮನೆಗಳಲ್ಲಿ ತನ್ನ ಊರು ಇಲ್ಲ ಎಂಬುದು ಅವಳ ಪ್ರಶ್ನೆಯ ಒಳಗಿದ್ದ ಮಾತು.

ಪ್ರಶ್ನೆ ನ್ಯಾಯವಾದದ್ದು. ಆದರೆ ಉತ್ತರ, ಬರೆಯಬಾರದು ಎಂಬುದೇ. 1956ರಲ್ಲಿ ಗೋವೆ ಪೋರ್ಚುಗೀಸರ ಕೈಯಲ್ಲಿತ್ತು. ಅದರ ಬಿಡುಗಡೆಯಾದದ್ದು 1961ರ ಡಿಸೆಂಬರ್ 19ರಂದು. 1967ರ ಜನವರಿ 16ರ ಜನಮತಗಣನೆಯಲ್ಲಿ ಈ ನೆಲದ ಜನ ಮಹಾರಾಷ್ಟ್ರದೊಡನೆ ವಿಲೀನವನ್ನು ಒಪ್ಪದೆ ಪ್ರತ್ಯೇಕವಾಗಿ ಉಳಿದರು. ಇದು ಕೊಂಕಣಿಯ ಮನೆ. ಕನ್ನಡನಾಡಿನ ಫಲಕಗಳ ಸಾಲಿನಲ್ಲಿ ಗೋವೆಯನ್ನು ಕೂರಿಸಿದರೆ ಭೂಪಟ ಒಂದು ಹಕ್ಕನ್ನು ಮಂಡಿಸಿದಂತಾಗುತ್ತದೆ. ಅತಿಥಿ ಮನೆಯ ಗೋಡೆಯ ಮೇಲೆ ತನ್ನ ಹೆಸರನ್ನು ಬರೆಯಬಾರದು. ಗೋವೆಯ ಕದಂಬರು ಚಂದ್ರಪುರ, ಗೋಪಕಪಟ್ಟಣಗಳಿಂದಲೂ ಹಲಸಿಯಿಂದಲೂ ಆಳಿದರು, ಕನ್ನಡದಲ್ಲಿ ಶಾಸನಗಳನ್ನು ಬರೆಸಿದರು ಎಂಬುದು ನಿಜ. ಅದು ಹನ್ನೊಂದು ಹನ್ನೆರಡನೆಯ ಶತಮಾನಗಳ ಭೂಪಟದ ವಿಷಯ, 1956ರದಲ್ಲ. ಕಾಲ ಹೇಳದ ಭೂಪಟದ ಬಗ್ಗೆ ಮೊದಲೇ ಎಚ್ಚರಿಸಿದ್ದೇನೆ.

ಹಾಗಾದರೆ ಅವಳ ಊರು ಎಲ್ಲಿ? ಇನ್ನೊಂದು ಹಾಳೆಯಲ್ಲಿ. ನೆಲದ ಭೂಪಟ ಬೇರೆ, ಜನರ ಭೂಪಟ ಬೇರೆ. ಗೋವೆಯ 12 ತಾಲ್ಲೂಕುಗಳ ಗಡಿಯ ಮೇಲೆ ಕೊಂಕಣಿ, ಮರಾಠಿ, ಕನ್ನಡ, ಹಿಂದಿ ಮಾತನಾಡುವವರ ಪ್ರಮಾಣವನ್ನು ಜನಗಣತಿಯ ಕೋಷ್ಟಕಗಳಿಂದ ತೆಗೆದು, ನಾಲ್ಕು ಭಾಷೆಗಳಿಗೆ ನಾಲ್ಕು ಮನೆಗಳಲ್ಲಿ ಬರೆಯಬಹುದು. ಅಲ್ಲಿ ಪ್ರತಿ ಮನೆಯಲ್ಲಿಯೂ ಇಡೀ ಗೋವೆಯಿದೆ. ಬಣ್ಣ ಮಾತ್ರ ಬೇರೆ. ಯಾರೂ ಯಾರ ನೆಲವನ್ನೂ ಕಸಿದುಕೊಂಡಿಲ್ಲ, ಯಾರೂ ಬಿಟ್ಟುಹೋಗಿಲ್ಲ. ಆ ಹಾಳೆಯನ್ನು ಅವಳೇ ಸಿದ್ಧಪಡಿಸುತ್ತಿದ್ದಾಳೆ.

ನಮ್ಮ ಆರನೆಯ ಮನೆಯಲ್ಲಿ ಐದೂ ಆಡಳಿತಗಳನ್ನು ಐದು ಬಣ್ಣಗಳಲ್ಲಿ ಒಟ್ಟಿಗೆ ಬರೆದು, ಕಾಸರಗೋಡನ್ನೂ ಚಂದಗಡವನ್ನೂ ಉಳಿಸಿಕೊಂಡು, ತಿರುಳಿನ ಊರುಗಳ ಚುಕ್ಕೆಗಳನ್ನಿಟ್ಟೆವು. ಬಿಡಿಸಿ ನೋಡಿದುದನ್ನು ಕೊನೆಗೊಮ್ಮೆ ಕೂಡಿಸಿ ನೋಡುವುದಕ್ಕೆ ಒಂದು ಮನೆ ಬೇಕೇ ಬೇಕು.

ಅಭ್ಯಾಸ

(1) ಐದು ಆಡಳಿತಗಳನ್ನು ಸ್ವಂತ ಅಳತೆ, ಸಮಾನ ಅಳತೆ, ಸಮಾನ ಚೌಕಟ್ಟು ಎಂಬ ಮೂರು ಬಗೆಗಳಲ್ಲಿಯೂ ಬರೆಯಿರಿ. ಒಂದೊಂದರಲ್ಲಿ ಕೊಡಗು ಯಾವ ಅಭಿಪ್ರಾಯವನ್ನು ಮೂಡಿಸುತ್ತದೆಂಬುದನ್ನು ಐದು ವಾಕ್ಯಗಳಲ್ಲಿ ವಿವರಿಸಿರಿ.

(2) 1953ರ ಸೆಪ್ಟೆಂಬರ್ 30 ಮತ್ತು 1956ರ ಅಕ್ಟೋಬರ್ 31ರ ಫಲಕಗಳನ್ನು ಎರಡು ಸಾಲುಗಳಲ್ಲಿ ಬರೆದು, ಬದಲಾದ ನೆಲವನ್ನು ಗುರುತಿಸಿರಿ.

(3) ನಿಮ್ಮ ಪಠ್ಯದಲ್ಲಿರುವ ಹತ್ತು ಲೇಖಕರ ಹುಟ್ಟೂರುಗಳನ್ನು ಚುಕ್ಕೆಗಳಾಗಿ ಇಡಿರಿ. ಫಲಕಗಳ ಹೊರಗೆ ಬಿದ್ದ ಚುಕ್ಕೆಗಳೆಷ್ಟು? ಅವುಗಳ ಕೆಳಗೆ ನೆಲವನ್ನು ಒದಗಿಸಲು ಯಾವ ರಾಜ್ಯದ ತಾಲ್ಲೂಕುಗಳನ್ನು ಸೇರಿಸಬೇಕಾಯಿತು?

(4) ಗೋವೆಯ ಕದಂಬರ ಚಂದ್ರಪುರ ಮತ್ತು ಹಲಸಿಗಳನ್ನು ಇಂದಿನ ಗಡಿಗಳ ಮೇಲೆ ಇಟ್ಟು, ಬಿಡಿಫಲಕಗಳಲ್ಲಿ ಆ ರಾಜ್ಯವನ್ನು ತೋರಿಸಿದರೆ ಉಂಟಾಗುವ ತೊಡಕನ್ನು ಚರ್ಚಿಸಿರಿ.